ಹತ್ತನೇ ಉಗುರು

ಶಾಲೆಯ ಮಕ್ಕಳು ಅವಳಿಗೆ ಇಟ್ಟ ಹೆಸರು ಗೊಬ್ಬರದ ಮಿಸ್. ಕೇಳಿ ಅವಳು ಉರಿದು ಬೀಳಲಿ ಎಂದೇ ಇಟ್ಟಿದ್ದು. ಅವಳೋ ಬಿರುದು ಸಿಕ್ಕಿತೆನ್ನುವ ಹಾಗೆ ಅದನ್ನು ಒಪ್ಪಿಕೊಂಡುಬಿಟ್ಟಳು, ಮಕ್ಕಳ ಮಜಾ ಅಲ್ಲಿಗೇ ಮುಗಿಯಿತು. ವಿಜ್ಞಾನ ಕಲಿಸಲು ಬಂದವಳು ಎರಡೇ ವರ್ಷದಲ್ಲಿ ಶಾಲೆಯ ಚಹರೆ ಬದಲಿಸಿದ್ದಳು. ಡಬ್ಬಿಯಲ್ಲಿ ಉಳಿದ ಊಟ, ಉದುರಿದ ಎಲೆ ಗುಂಡಿಗೆ ಹೋಗಿ ಗೊಬ್ಬರವಾಗುತ್ತಿತ್ತು. ಕೈ ತೊಳೆದ ನೀರು ಸೊಪ್ಪಿನ ಪಾತಿಗೆ ಹರಿಯುತ್ತಿತ್ತು. ಪ್ಲಾಸ್ಟಿಕ್ ಬಾಟಲಿ ತಂದವರು ಅದನ್ನು ಗೇಟಿನಲ್ಲೇ ಬಿಟ್ಟು ಒಳಗೆ ಬರಬೇಕು, ಮುಖ್ಯೋಪಾಧ್ಯಾಯರಾದರೂ ಸರಿ. ಒಂದು ದಿನ ಅವರೂ ಬಿಟ್ಟೇ ಬಂದರು, ಪಾಪ.

ದಿನವಿಡೀ ಕಸ ಮಣ್ಣಿನಲ್ಲಿ ಇರುವವಳು ಅಂತ ಅವಳ ಉಗುರು ನೋಡಿದರೆ ಯಾರೂ ಹೇಳುತ್ತಿರಲಿಲ್ಲ. ಉದ್ದಕ್ಕೆ, ತುದಿ ತಿದ್ದಿ, ಕೆಂಪು ಬಣ್ಣ ಬಳಿದ ಹತ್ತು ಉಗುರು. ಅವುಗಳನ್ನು ಕಾಪಾಡಲು ಮೊಣಕೈವರೆಗಿನ ರಬ್ಬರ್ ಗವಸು ಹಾಕಿಕೊಂಡೇ ಗುಂಡಿಗೆ ಇಳಿಯುತ್ತಿದ್ದಳು. ಉಗುರು ಅಕ್ಕನ ಕೈಕೆಲಸ. ಅಕ್ಕ ಫೋನಿನಲ್ಲಿ ನೋಡಿ ನೋಡಿ ಮನೆಯಲ್ಲೇ ಮ್ಯಾನಿಕ್ಯೂರ್ ಕಲಿತವಳು, ಬೀದಿಯ ಹೆಂಗಸರ ಕೈಗಳೆಲ್ಲ ಅವಳ ಮೇಜಿಗೆ ಬರುತ್ತಿದ್ದವು. ಆದರೆ ಭಾನುವಾರದ ಮೊದಲ ಸರದಿ ತಂಗಿಯದು. ಶಾಂಪೂ ಬೆರೆಸಿದ ಬೆಚ್ಚಗಿನ ನೀರಿನಲ್ಲಿ ಬೆರಳು ನೆನೆಸುವುದು, ಬುಡದ ಚರ್ಮವನ್ನು ಚೂಪು ಸ್ಟೀಲ್ ಕಡ್ಡಿಯಿಂದ ಮೆಲ್ಲಗೆ ಹಿಂದಕ್ಕೆ ತಳ್ಳುವುದು, ಎಣ್ಣೆ ತಿಕ್ಕುವುದು, ಆಮೇಲೆ ತೆಳ್ಳಗೆ ಎರಡು ಸಲ ಬಣ್ಣ. ಅಪ್ಪ ಅಮ್ಮ ಬೇಗ ಹೋಗಿಬಿಟ್ಟ ಮೇಲೆ ತಂಗಿಯನ್ನು ಸಾಕಿದವಳು ಅಕ್ಕನೇ. ಮದುವೆಯಾದಾಗಲೂ ಅವಳನ್ನು ಜೊತೆಗೇ ಕರೆದುಕೊಂಡು ಬಂದಿದ್ದಳು. ಮುದ್ದು ಮಾಡುವ ವಯಸ್ಸು ಇಬ್ಬರಿಗೂ ದಾಟಿತ್ತು, ಹಾಗಾಗಿ ಮುದ್ದೆಲ್ಲ ಈ ಉಗುರಿನ ಕೆಲಸಕ್ಕೆ ಹೋಗುತ್ತಿತ್ತು.

ಭಾವನಿಗೂ ಅದೇ ಶಾಲೆಯಲ್ಲಿ ಕೆಲಸ, ಕಟ್ಟಡದ ಉಸ್ತುವಾರಿ. ನಲ್ಲಿ, ಫ್ಯಾನು, ಬಾಗಿಲು, ಬೀಗದ ಕೈಗೊಂಚಲು ಎಲ್ಲ ಅವನದು. ಕೆಲಸ ಕೊಡಿಸಿದವಳು ಗೊಬ್ಬರದ ಮಿಸ್ಸೇ. ಅವನು ಮಾತು ಕಡಿಮೆ, ನಗು ಜಾಸ್ತಿ. ಅಂಥವರನ್ನು ಜನ ಒಳ್ಳೆಯವರು ಅಂತ ಬೇಗ ಒಪ್ಪಿಕೊಳ್ಳುತ್ತಾರೆ.

ಆ ವರ್ಷ ಶಾಲೆಯ ಹಳೆಯ ವೈರುಗಳನ್ನೆಲ್ಲ ಕಿತ್ತು ಹೊಸದು ಎಳೆಸಿದ್ದರು. ಕಿತ್ತ ವೈರು, ಸತ್ತ ಕಂಪ್ಯೂಟರು, ಟ್ಯೂಬ್‌ಲೈಟು ಎಲ್ಲವನ್ನೂ ಅವಳು ಒಂದು ಕೋಣೆಯಲ್ಲಿ ಹಾಕಿ ಬೀಗ ಹಾಕಿಸಿದ್ದಳು, ಸರಿಯಾಗಿ ಬಿಡಿಸಿ ಮರುಬಳಕೆ ಮಾಡುವವರ ಕೈಗೆ ಕೊಡಬೇಕೆಂದು. ಒಂದೊಂದೇ ವೈರಿನ ಕಟ್ಟು ಕಾಣೆಯಾಗತೊಡಗಿತು. ಹಿಂದಿನ ಕಾಂಪೌಂಡಿನ ಬಳಿ ನೆಲ ಸುಟ್ಟು ಕಪ್ಪಾಗುತ್ತಿತ್ತು. ತಾಮ್ರಕ್ಕಾಗಿ ಯಾರೋ ಮೇಲಿನ ಪ್ಲಾಸ್ಟಿಕ್ಕನ್ನು ಬೆಳಬೆಳಗ್ಗೆ ಸುಡುತ್ತಿದ್ದರು. ಆ ವಿಷದ ಹೊಗೆ ಮಕ್ಕಳು ಬರುವ ಹೊತ್ತಿಗೂ ತರಗತಿಗಳಲ್ಲಿ ಸುತ್ತುತ್ತಿತ್ತು. ಒಂದು ದಿನ ಮೂರನೇ ತರಗತಿಯ ಹುಡುಗಿಯೊಬ್ಬಳು ಉಸಿರು ಸಿಗದೆ ಬೆಂಚಿನ ಮೇಲೆ ಬಿದ್ದಳು, ತುಟಿ ನೀಲಿಗಟ್ಟಿತ್ತು. ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವಳು ಗೊಬ್ಬರದ ಮಿಸ್. ಮಗು ಉಳಿಯಿತು. ಇವಳ ತಾಳ್ಮೆ ಉಳಿಯಲಿಲ್ಲ.

ಯಾರು ಅನ್ನುವುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಎದುರು ಬೀದಿಯ ಗುಜರಿಯವನು. ಶಾಲೆಯ ಸಾಮಾನು ಇನ್ನು ಅವನಿಗೆ ಕೊಡುವುದಿಲ್ಲ ಎಂದಾಗ ಅವನು ಗೇಟಿನಲ್ಲಿ ನಿಂತು ಹತ್ತು ಜನರೆದುರು, ನನ್ನ ಹೊಟ್ಟೆ ಮೇಲೆ ಹೊಡೆದಿದ್ದೀರಿ, ನೋಡಿಕೊಳ್ಳುತ್ತೇನೆ ಎಂದು ಕೂಗಾಡಿ ಹೋಗಿದ್ದ. ಬೀಗ ಒಡೆದಿರಲಿಲ್ಲ, ಕೋಣೆ ಮಾತ್ರ ಖಾಲಿಯಾಗುತ್ತಿತ್ತು. ಅದೊಂದನ್ನು ಅವಳು ಯೋಚಿಸಬಹುದಿತ್ತು. ಸಿಟ್ಟು ಬಂದ ತಲೆಗೆ ಅಷ್ಟು ಪುರುಸೊತ್ತು ಎಲ್ಲಿಯದು?

ಮರುದಿನ ಬೆಳಗ್ಗೆ ಆರಕ್ಕೆಲ್ಲ ಅವಳು ಶಾಲೆಯಲ್ಲಿದ್ದಳು. ಕಾವಲುಗಾರ ತಾತನನ್ನು ಎಬ್ಬಿಸಿದಳು. ಹೆಸರಿಗೆ ಕಾವಲುಗಾರ, ಕಿವಿಯ ಪಕ್ಕ ಗಂಟೆ ಬಾರಿಸಿದರೂ ಮಗ್ಗುಲು ಬದಲಿಸುವ ಮನುಷ್ಯ. ಆದರೆ ಮಕ್ಕಳೆಂದರೆ ಅವನಿಗೆ ಜೀವ. ಇಬ್ಬರೂ ಹಿಂದಕ್ಕೆ ನಡೆದರು. ಕಪ್ಪು ಹೊಗೆ ಗೋಡೆಗಿಂತ ಎತ್ತರಕ್ಕೆ ಏಳುತ್ತಿತ್ತು. ಹಳೆಯ ಮಳೆಕೋಟು ತೊಟ್ಟು, ಕಣ್ಣೊಂದು ಬಿಟ್ಟು ಮುಖಕ್ಕೆಲ್ಲ ಒದ್ದೆ ಬಟ್ಟೆ ಸುತ್ತಿಕೊಂಡವನೊಬ್ಬ ಕಬ್ಬಿಣದ ಸರಳಿನಿಂದ ಉರಿಯುವ ವೈರುಗಳನ್ನು ಕೆದಕುತ್ತಿದ್ದ.

ಅವಳು ಓಡಿಹೋಗಿ ಕೋಟು ಹಿಡಿದಳು. ಅವನು ತಿರುಗಿದ ವೇಗಕ್ಕೆ ಸರಳು ಅವಳ ಎಡಗೈಗೆ ಬಡಿಯಿತು. ಮೂಳೆ ಲಟಕ್ಕೆಂದ ಸದ್ದು ನೋವಿಗಿಂತ ಮೊದಲು ಕೇಳಿಸಿತು. ಹೊಗೆಯಲ್ಲಿ ಕಣ್ಣು ಬಿಡಲಾಗುತ್ತಿರಲಿಲ್ಲ. ಬಲಗೈ ಬೀಸಿದಳು, ಐದೂ ಉಗುರು ಕೋಟಿನ ಕೊರಳೊಳಗೆ ಎಲ್ಲೋ ಮೆತ್ತನೆಯ ಮಾಂಸಕ್ಕೆ ಇಳಿದದ್ದು ಗೊತ್ತಾಯಿತು. ಇಳಿದದ್ದನ್ನು ಕೆಳಕ್ಕೆ ಎಳೆದಳು. ಅವನು ಅವಳ ಹೊಟ್ಟೆಗೆ ಮೊಣಕಾಲಿನಿಂದ ಗುದ್ದಿದ, ಬಿದ್ದವಳ ಪಕ್ಕೆಗೆ ಒದ್ದ. ಅಷ್ಟರಲ್ಲಿ ತಾತ ಬಂದು ಅವನ ಕಾಲನ್ನು ತಬ್ಬಿ ಹಿಡಿದುಬಿಟ್ಟ. ಅವನು ಕಾಲು ಜಾಡಿಸಿದ, ತಾತ ಬಿಡಲಿಲ್ಲ. ಸರಳು ತಾತನ ತಲೆಯ ಮೇಲೆ ಇಳಿಯಿತು. ಇನ್ನೊಮ್ಮೆ ಇಳಿಯಿತು. ಅಷ್ಟಕ್ಕೇ ತಾತನ ಕೈ ಸಡಿಲವಾಗಿತ್ತು, ಮೂರನೆಯದರ ಅಗತ್ಯವೇ ಇರಲಿಲ್ಲ. ಆದರೂ ಹೊಡೆದ. ಆಮೇಲೆ ಗೋಡೆ ಹಾರಿ ಹೋದ. ಇಷ್ಟೆಲ್ಲ ಆದರೂ ಅವನ ಬಾಯಿಂದ ಒಂದು ಬೈಗುಳ ಬರಲಿಲ್ಲ, ಅಮ್ಮಾ ಎಂದೂ ಅನ್ನಲಿಲ್ಲ.

ಪೊಲೀಸರು ಬಂದರು. ಆಂಬುಲೆನ್ಸ್ ತಾತನನ್ನು ಒಯ್ದಿತು. ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟಾಗ ಗುಜರಿಯವನು ಅಂಗಡಿಯ ಶಟರ್ ಎತ್ತುತ್ತಿದ್ದ. ಇವನೇನಾ ಎಂದು ಕೇಳಿದರು. ಇವನೇ ಎಂದಳು. ಅಷ್ಟೇ ಸಾಕಾಯಿತು. ಇಬ್ಬರು ಪೇದೆಗಳು ಇಳಿದು ಅವನ ಕೊರಳಪಟ್ಟಿ ಹಿಡಿದು ರಸ್ತೆಗೆ ಕೆಡವಿದರು. ಲಾಠಿ ಬೆನ್ನಿಗೆ, ಮೊಣಕಾಲಿಗೆ, ಮುಖಕ್ಕೆ ಬಿತ್ತು. ಅವನ ಬಾಯಿಂದ ಒಂದು ಹಲ್ಲು ರಕ್ತದ ಜೊತೆ ರಸ್ತೆಗೆ ಬಿದ್ದದ್ದನ್ನು ಅವಳು ನೋಡಿದಳು. ಅಂಗಿ ಬಿಚ್ಚಿಸಿ ಗೀರು ಇದೆಯೇ ಎಂದು ನೋಡಿದರು. ತಗಡು ತಂತಿಗಳ ಮಧ್ಯೆ ಬದುಕುವವನ ಮೈಮೇಲೆ ಗೀರಿಲ್ಲದ ಜಾಗವೇ ಇರಲಿಲ್ಲ. ಅವನು ಅವಳತ್ತ ನೋಡಿ ಏನೋ ಹೇಳುತ್ತಿದ್ದ. ಒಡೆದ ತುಟಿಯಲ್ಲಿ ಮಾತು ಹೊರಡಲಿಲ್ಲ. ಅವಳಿಗೆ ಖುಷಿಯಾಯಿತು. ಹೌದು, ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಬೇಕು.

ಆಸ್ಪತ್ರೆಯಲ್ಲಿ ಎಡಗೈಗೆ ಹಲಗೆ ಇಟ್ಟು ಪಟ್ಟಿ ಕಟ್ಟಿದರು, ನೋವಿನ ಮಾತ್ರೆ ಕೊಟ್ಟರು. ಜೊತೆಗಿದ್ದ ಮಹಿಳಾ ಪೇದೆ ಅವಳ ಎರಡೂ ಕೈಗಳಿಗೆ ಕಾಗದದ ಚೀಲ ಕಟ್ಟಿದಳು. ಉಗುರಿನ ಸಂದಿಯಲ್ಲಿ ಅವನ ಚರ್ಮ, ರಕ್ತ ಇರುತ್ತದೆ, ಅದನ್ನು ತೆಗೆಯುವ ಡಾಕ್ಟರು ಬರುವುದು ಹನ್ನೆರಡಕ್ಕೆ, ಅಲ್ಲಿಯವರೆಗೆ ಕೈಗೆ ನೀರು ಸೋಕಿಸಬಾರದು ಎಂದು ಎರಡೆರಡು ಸಲ ಹೇಳಿದಳು. ಪ್ಲಾಸ್ಟಿಕ್ ಕವರಲ್ಲಿ ಕಟ್ಟಿದರೆ ಬೆವರಿ ಎಲ್ಲ ಕೆಡುತ್ತಂತೆ. ಇಲ್ಲಿಯೂ ನನ್ನ ಕಾನೂನೇ ಗೆದ್ದಿತು ಎಂದು ಗೊಬ್ಬರದ ಮಿಸ್ ಆ ನೋವಿನಲ್ಲೂ ನಗಲು ನೋಡಿದಳು. ತಾತನಿಗೆ ಪ್ರಜ್ಞೆ ಬಂದಿರಲಿಲ್ಲ. ಬೇರೆ ಸಾಕ್ಷಿ ಯಾರೂ ಇರಲಿಲ್ಲ. ಇದ್ದದ್ದು ಆ ಎರಡು ಚೀಲ ಮಾತ್ರ.

ಅಕ್ಕ ಓಡೋಡಿ ಬಂದಳು. ಮನೆ ಎರಡೇ ಬೀದಿ ಆಚೆ, ಹನ್ನೆರಡರವರೆಗೆ ಮಲಗಿರಲಿ, ನಾನೇ ಕರೆದುಕೊಂಡು ಬರುತ್ತೇನೆ ಎಂದು ಪೇದೆಗೆ ಹೇಳಿದಳು. ದಾರಿಯುದ್ದಕ್ಕೂ ಅಕ್ಕ ಒಂದು ಮಾತಾಡಲಿಲ್ಲ. ಗಾಬರಿಗೆ ಹಾಗಾಗಿದೆ ಎಂದುಕೊಂಡಳು ತಂಗಿ. ಮನೆಗೆ ಬಂದು ಮಂಚದ ಮೇಲೆ ಬಿದ್ದದ್ದೇ ತಡ, ಮಾತ್ರೆ ಅವಳನ್ನು ಬಾವಿಗೆ ಎಸೆದ ಹಾಗೆ ನಿದ್ದೆಗೆ ಎಸೆಯಿತು.

ಎಚ್ಚರವಾದದ್ದು ಕಾಗದ ಹರಿಯುವ ಸದ್ದಿಗೆ.

ಅಕ್ಕ ಮಂಚದ ಪಕ್ಕ ಮೇಜು ಎಳೆದುಕೊಂಡು ಕೂತಿದ್ದಳು. ಮೇಜಿನ ಮೇಲೆ ಹಬೆಯಾಡುವ ನೀರಿನ ಬೋಗುಣಿ, ಅರ, ಸ್ಟೀಲ್ ಕಡ್ಡಿ. ಕೈಯಲ್ಲಿ ನೇಲ್ ಕಟರ್. ಗೊಬ್ಬರದ ಮಿಸ್ ತನ್ನ ಎಡಗೈ ನೋಡಿಕೊಂಡಳು. ಪಟ್ಟಿಯಿಂದ ಹೊರಗಿದ್ದ ಐದು ಬೆರಳೂ ಮಗುವಿನ ಬೆರಳಿನ ಹಾಗೆ ಚೊಕ್ಕಟವಾಗಿದ್ದವು. ಉಗುರು ಬುಡದವರೆಗೆ ಕತ್ತರಿಸಿ, ತೊಳೆದು, ಒರೆಸಿ ಆಗಿತ್ತು. ಬಲಗೈಯ ಚೀಲ ಈಗ ತಾನೇ ಹರಿದಿತ್ತು. ಉಗುರುಗಳ ಅಡಿಯಲ್ಲಿ ರಕ್ತ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು.

ನಿನಗೆ ತಲೆ ಕೆಟ್ಟಿದೆಯೇ, ಪೇದೆ ಹೇಳಿದ್ದು ಕೇಳಿಸಲಿಲ್ಲವೇ ಎಂದು ಅವಳು ಕೈ ಎಳೆದುಕೊಂಡಳು. ಅಕ್ಕ ತಲೆ ಎತ್ತಲಿಲ್ಲ. ಕೊಳಕು ಕೈ, ಊಟ ಮಾಡಬೇಡವೇ, ಬಾಯಿಗೆ ಹೋದರೆ ಏನು ಗತಿ ಎಂದು ಏನೇನೋ ತೊದಲಿದಳು. ದನಿ ಅವಳದಾಗಿರಲಿಲ್ಲ. ಅಕ್ಕನ ಕಣ್ಣಿಂದ ನೀರು ಬೋಗುಣಿಗೆ ಬೀಳುತ್ತಿತ್ತು. ಒಳಕೋಣೆಯಿಂದ ಭಾವ ಬಂದ. ಬೇಸಿಗೆಯ ಹಾಡುಹಗಲು, ಮೇಲಿನ ಗುಂಡಿಯವರೆಗೆ ಅಂಗಿ ಹಾಕಿ ಕತ್ತಿಗೆ ಟವೆಲ್ ಸುತ್ತಿಕೊಂಡಿದ್ದ.

ಅವಳಿಗೆ ಆಗಲೂ ಹೊಳೆಯಲಿಲ್ಲ. ನೋಡಿ ಭಾವ, ಇವಳು ಏನು ಮಾಡಿದ್ದಾಳೆ, ಡಾಕ್ಟರು ಈ ಉಗುರು ನೋಡಿದ್ದರೆ ಗೀರಿಸಿಕೊಂಡವನು ಯಾರೆಂದು ಖಚಿತವಾಗುತ್ತಿತ್ತು ಎಂದು ಅವನಿಗೇ ದೂರು ಹೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಭಾವನ ಕೈ ತಾನಾಗಿಯೇ ಟವೆಲಿಗೆ ಹೋಯಿತು.

ಒಡೆಯದ ಬೀಗ, ಬಾಯಿ ಬಿಡದ ಕಳ್ಳ, ಎಲ್ಲ ಒಟ್ಟಿಗೇ ತಲೆಗೆ ಬಂತು. ಒಂದು ಮಾತಾಡಿದ್ದರೂ ಅವಳು ದನಿ ಗುರುತಿಸುತ್ತಿದ್ದಳು, ಅದಕ್ಕೇ ಅವನು ಕತ್ತು ಹರಿದರೂ ಬಾಯಿ ಬಿಟ್ಟಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಆ ಬೇಲಿ ಹಾಕಿದವಳು ತಾನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಗುಜರಿಯವನು ಈ ಹೊತ್ತಿನಲ್ಲೂ ಠಾಣೆಯಲ್ಲಿ ಪೆಟ್ಟು ತಿನ್ನುತ್ತಿದ್ದ, ಆ ಬರೆಗೆ ಕೈ ತೋರಿಸಿದವಳೂ ತಾನೇ.

ಎದ್ದು ಬಾಗಿಲಿಗೆ ನುಗ್ಗಿದಳು. ಭಾವ ಜಡೆ ಹಿಡಿದು ಎಳೆದು ಮಂಚಕ್ಕೆ ಎಸೆದ. ಮುರಿದ ಕೈ ಅಡಿಗೆ ಸಿಕ್ಕಿ ಅವಳು ಕಿರುಚಿದಳು. ಅವನು ಅವಳ ಎದೆಯ ಮೇಲೆ ಮೊಣಕಾಲೂರಿ, ಬಲಗೈ ಮಣಿಕಟ್ಟನ್ನು ಎರಡೂ ಕೈಯಿಂದ ಮೇಜಿನ ಮೇಲೆ ಒತ್ತಿ ಹಿಡಿದು, ಕತ್ತರಿಸು ಎಂದ. ಅಕ್ಕ ಅಲ್ಲಾಡಲಿಲ್ಲ. ಅವನು ಮತ್ತೆ ಹೇಳಿದ, ಈ ಸಲ ಮಗಳ ಹೆಸರು ಹಿಡಿದು. ಹತ್ತು ವರ್ಷದ ಮಗಳು ಅದೇ ಶಾಲೆಯಲ್ಲಿ ಓದುತ್ತಿದ್ದಳು.

"ಹೊಗೇಲಿ ನೀನಂತ ಗೊತ್ತಾಗ್ಲಿಲ್ವಂತೆ ಕಣೇ," ಅಂದಳು ಅಕ್ಕ. "ಮುದುಕನ್ನ ಬರೀ ತಳ್ಳಿದ್ದಂತೆ. ಮಗಳು ನಾಳೆ ಹೇಗೆ ತಲೆ ಎತ್ತಿ ನಡೀತಾಳೆ ಹೇಳು. ನಿಂಗೆ ಕೈಮುಗೀತೀನಿ, ಬೆರಳು ಬಿಡಿಸು."

"ಮೂರು ಸಲ ಹೊಡೆದ, ಅಕ್ಕ. ತಲೆಗೇ. ನಾನು ನೋಡಿದೀನಿ."

ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡರೆ ಕೈ ನಡೆಯುತ್ತಿರಲಿಲ್ಲ. ಗೊಬ್ಬರದ ಮಿಸ್ ಮುಷ್ಟಿ ಬಿಗಿದಳು. ಭಾವ ಮಣಿಕಟ್ಟನ್ನು ತಿರುಚಿದ. ಕಿರುಬೆರಳು ಮೊದಲು ಬಿಚ್ಚಿತು. ಕಟರ್ ಟಕ್ಕೆಂದಿತು. ಅಕ್ಕ ಅದನ್ನು ಕಡ್ಡಿಯಿಂದ ಕೆರೆದು ಒದ್ದೆ ಹತ್ತಿಯಿಂದ ತಿಕ್ಕಿದಳು. ಉಂಗುರದ ಬೆರಳು. ನಡುಬೆರಳು. ತಂಗಿ ಅಕ್ಕನ ತೋಳನ್ನು ಕಚ್ಚಿದಳು, ಹಲ್ಲಿಗೆ ರಕ್ತ ಬಂತು, ಅಕ್ಕ ತೋಳು ಹಿಂದಕ್ಕೆ ತೆಗೆಯದೆ ಕತ್ತರಿಸುತ್ತಲೇ ಹೋದಳು. ತೋರುಬೆರಳಿನಲ್ಲಿ ಉಗುರಿನ ಜೊತೆ ಮಾಂಸವೂ ಹೋಯಿತು. ಪ್ರತಿ ಭಾನುವಾರ ಒಂದು ಹನಿ ರಕ್ತ ಬರದ ಹಾಗೆ ಮಾಡುತ್ತಿದ್ದ ಅದೇ ಕೈ. ಕೊನೆಗೆ ಉಳಿದದ್ದು ಹೆಬ್ಬೆರಳು, ಅದನ್ನು ಅವಳು ಅಂಗೈಯೊಳಗೆ ಮಡಚಿ ಹಿಡಿದಿದ್ದಳು.

ಆಗ ಅಕ್ಕನ ಫೋನು ಬಡಿದುಕೊಂಡಿತು. ಎತ್ತದಿದ್ದರೆ ಮನೆಗೇ ಬರುತ್ತಾರೆ, ಎತ್ತಿ ಮಾತಾಡು ಎಂದು ಭಾವ ತಂಗಿಯ ಬಾಯಿಗೆ ಅಂಗೈ ಒತ್ತಿದ. ಅಕ್ಕ ಸ್ಪೀಕರಿಗೆ ಹಾಕಿದಳು. ಆ ಮಹಿಳಾ ಪೇದೆ.

"ತಾತ ಹೋಗ್ಬಿಟ್ರು. ಈಗ ಕೊಲೆ ಕೇಸು. ಗುಜರಿಯವನು ನಾನೇ ಮಾಡಿದ್ದು ಅಂತ ಒಪ್ಕೊಂಡಿದಾನೆ. ಡಾಕ್ಟರು ಬಂದಿದಾರೆ, ನಿಮ್ಮ ತಂಗೀನ ಬೇಗ ಕರ್ಕೊಂಡು ಬನ್ನಿ."

ಅಕ್ಕ ಸರಿ ಎಂದಳು. ಫೋನು ಇಟ್ಟಳು. ಅವಳು ಗಂಡನ ಮುಖ ನೋಡುತ್ತಿದ್ದಳು. ತಾತ ಸತ್ತ ಸುದ್ದಿಗೆ ಅವನ ಮುಖದಲ್ಲಿ ಏನೂ ಆಗಲಿಲ್ಲ. ಗುಜರಿಯವನು ಒಪ್ಪಿಕೊಂಡ ಎನ್ನುವಾಗ ಮಾತ್ರ ಅವನು ನಕ್ಕ. ಊರೆಲ್ಲ ಮೆಚ್ಚುವ ಅದೇ ನಗು.

"ಮುಗೀತಲ್ಲ," ಎಂದ. "ಇನ್ನೊಂದೇ. ಅದನ್ನೂ ತೆಗೆದುಬಿಡು."

ಅಕ್ಕ ಕಟರ್ ಕೆಳಗಿಟ್ಟಳು. ಸ್ಟೀಲ್ ಕಡ್ಡಿ ತೆಗೆದುಕೊಂಡಳು. ಹೆಬ್ಬೆರಳನ್ನು ಬಿಡಿಸಲು ಎಂದೇ ಅವನು ತಿಳಿದ. ಅಕ್ಕ ಅದನ್ನು ಮುಷ್ಟಿಯಲ್ಲಿ ಹಿಡಿದು ತನ್ನ ಭಾರವನ್ನೆಲ್ಲ ಹಾಕಿ ಅವನ ಮುಂಗೈಗೆ ಇಳಿಸಿದಳು.

ಅವನು ಈಗ ಬಾಯಿ ಬಿಟ್ಟ. ಬೆಳಗಿನಿಂದ ನುಂಗಿದ್ದೆಲ್ಲ ಒಂದೇ ಕೂಗಿನಲ್ಲಿ ಬಂತು. ಇನ್ನೊಂದು ಕೈಯಿಂದ ಹೆಂಡತಿಯ ತಲೆಗೂದಲು ಹಿಡಿದು ಮೇಜಿನ ಅಂಚಿಗೆ ಚಚ್ಚಿದ, ಮತ್ತೆ ಚಚ್ಚಿದ. ಅವಳ ಕಿವಿಯ ಮೇಲೆ ಚರ್ಮ ಸೀಳಿತು. ಮೂರನೇ ಸಲಕ್ಕೆ ಎತ್ತಿದಾಗ ಗೊಬ್ಬರದ ಮಿಸ್ ಹಲಗೆ ಕಟ್ಟಿದ ಎಡಗೈಯನ್ನೇ ಬೀಸಿ ಅವನ ಮೂಗಿಗೆ ಬಾರಿಸಿದಳು. ಕೈಯೊಳಗೆ ಏನೋ ಇನ್ನಷ್ಟು ಮುರಿಯಿತು, ಅವನ ಮೂಗೂ ಮುರಿಯಿತು. ಅವನು ಹಿಂದಕ್ಕೆ ತೂರಾಡಿದ. ಅಕ್ಕ ಬೋಗುಣಿ ಎತ್ತಿ ಬಿಸಿನೀರನ್ನು ಅವನ ಮುಖಕ್ಕೆ ಎರಚಿದಳು. ಸೋಪಿನ ನೀರು ನೆಲದ ತುಂಬ ಹರಡಿತು, ಅವನು ಅದರಲ್ಲೇ ಕಾಲು ಜಾರಿ ಗೋಡೆಗೆ ತಲೆ ಬಡಿದು ಕುಸಿದ. ಟವೆಲ್ ಬಿಚ್ಚಿತ್ತು. ಕಿವಿಯ ಕೆಳಗಿನಿಂದ ಎದೆಯವರೆಗೆ ಐದು ಕೆಂಪು ಗೆರೆಗಳು, ಅಂಚು ಊದಿಕೊಂಡಿದ್ದವು.

"ಹೆಬ್ಬೆರಳು ಮೇಲೆತ್ತು," ಎಂದಳು ಅಕ್ಕ. "ನೀರು ತಾಗೀತು."

ಇಬ್ಬರೂ ಹೊರಗೆ ಬಂದರು. ಅಕ್ಕ ಬಾಗಿಲೆಳೆದು ಚಿಲಕ ಹಾಕಿ ಬೀಗ ಜಡಿದಳು. ಒಳಗಿನಿಂದ ಅವನು ಮೊದಲು ಬೈದ, ಆಮೇಲೆ ಬಾಗಿಲಿಗೆ ಒದ್ದ, ಆಮೇಲೆ ಮಗಳ ಹೆಸರು ಹೇಳಿ ಅತ್ತ. ಅಕ್ಕ ಒಂದು ಗಳಿಗೆ ನಿಂತಳು. ಇವಳೆಲ್ಲಿ ಬೀಗ ತೆಗೆದುಬಿಡುತ್ತಾಳೋ ಎಂದು ತಂಗಿ ಹೆದರಿದಳು. ಅಕ್ಕ ಬೀಗದ ಕೈಯನ್ನು ರವಿಕೆಯೊಳಗೆ ಹಾಕಿಕೊಂಡಳು.

ಎರಡು ಬೀದಿಯ ದಾರಿ. ಅಕ್ಕ ತಂಗಿಯ ಮಣಿಕಟ್ಟನ್ನು ಹಿಡಿದು, ಅವಳ ಹೆಬ್ಬೆರಳನ್ನು ಯಾವುದಕ್ಕೂ ತಾಗದ ಹಾಗೆ ಮೇಲೆ ಎತ್ತಿಕೊಂಡು ನಡೆದಳು. ಅಕ್ಕನ ಕಿವಿಯಿಂದ ರಕ್ತ ಕತ್ತಿಗೆ ಇಳಿದು ಸೀರೆ ನೆನೆಯುತ್ತಿತ್ತು. ಅಕ್ಕನ ಗಿರಾಕಿ ಹೆಂಗಸರು ಬಾಗಿಲಲ್ಲಿ ನಿಂತು ಅಯ್ಯೋ ಏನಾಯಿತೇ ಎಂದು ಕೇಳಿದರು. ಒಬ್ಬಳು ಹಿಡಿದುಕೊಳ್ಳಲು ಹತ್ತಿರ ಬಂದಾಗ, ಮುಟ್ಟಬೇಡಿ ಎಂದು ಅಕ್ಕ ಗದರಿದ ರೀತಿಗೆ ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ತಂಗಿಗೆ ಅಕ್ಕನನ್ನು ಕೊಲ್ಲುವಷ್ಟು ಸಿಟ್ಟಿತ್ತು. ತಬ್ಬಿಕೊಂಡು ಅಳಬೇಕು ಎಂದೂ ಅನಿಸುತ್ತಿತ್ತು. ಯಾವುದಕ್ಕೂ ಕೈ ಖಾಲಿ ಇರಲಿಲ್ಲ.

ಡಾಕ್ಟರು ಹೆಬ್ಬೆರಳಿನ ಉಗುರಿನ ಅಡಿಯಿಂದ ಕಂದು ಪುಡಿಯನ್ನು ಸಣ್ಣ ಕಡ್ಡಿಯಲ್ಲಿ ತೆಗೆದು ಗಾಜಿನ ನಳಿಕೆಗೆ ಹಾಕಿ ಮುಚ್ಚಿದರು. ಇಷ್ಟು ಸಾಕೇ ಎಂದು ಗೊಬ್ಬರದ ಮಿಸ್ ಕೇಳಿದಳು. ಸಾಕು ಎಂದರು. ಅವಳು ಪೇದೆಯತ್ತ ತಿರುಗಿ, ಗುಜರಿಯವನನ್ನು ಹೊಡೆಯುವುದು ನಿಲ್ಲಿಸಲು ಈಗಲೇ ಠಾಣೆಗೆ ಫೋನು ಮಾಡಿ, ಅವನೇ ಅಂತ ಹೇಳಿದ್ದು ನನ್ನ ತಪ್ಪು, ಅವನ ಹಲ್ಲು ಹೋದದ್ದು ನನ್ನಿಂದ ಎಂದಳು. ಪೇದೆ ಫೋನಿನಲ್ಲಿ ಎರಡು ಮಾತಾಡಿ ಇಟ್ಟಳು. ಆಮೇಲೆ ಅವಳ ಉಳಿದ ಬೆರಳುಗಳನ್ನು ನೋಡಿ, ನಾನು ಅಷ್ಟು ಹೇಳಿದ್ದೆನಲ್ಲ, ಕೈ ತೊಳೆದವರು ಯಾರು, ಇದನ್ನೆಲ್ಲ ಕತ್ತರಿಸಿದವರು ಯಾರು ಎಂದು ಕೇಳಿದಳು.

ಗೊಬ್ಬರದ ಮಿಸ್ ನೆಲ ನೋಡಿದಳು.

ಅಕ್ಕ ಬಾಗಿಲ ಬಳಿ ನಿಂತಿದ್ದಳು. ನರ್ಸ್ ಅವಳ ಕಿವಿಗೆ ಹತ್ತಿ ಒತ್ತಲು ಬಂದಾಗ ಬೇಡವೆಂದು ಪಕ್ಕಕ್ಕೆ ಸರಿಸಿ ಮುಂದೆ ಬಂದಳು. ರವಿಕೆಯೊಳಗಿಂದ ಬೀಗದ ಕೈ ತೆಗೆದು ಪೇದೆಯ ಮುಂದೆ ಮೇಜಿನ ಮೇಲಿಟ್ಟಳು.

"ತಾತನ್ನ ಕೊಂದಿದ್ದು ನನ್ನ ಗಂಡ. ಮನೇಲಿದಾನೆ, ಬೀಗ ಹಾಕಿದೀನಿ, ಹೋಗಿ ಕರ್ಕೊಂಡು ಬನ್ನಿ," ಎಂದಳು. "ಒಂಬತ್ತು ಉಗುರು ಕತ್ತರಿಸಿದ್ದು ನಾನು. ಅದನ್ನೂ ಬರ್ಕೊಳ್ಳಿ."